ಮಾರ್ಗರೆಟ್ಟಿಗೆ ತವರು ಹುಡುಕಿದ ಮಿಸ್

ಕಾಲವಾದವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುವ ಅಭ್ಯಾಸ ನಮ್ಮ ಮಿಸ್ಸಿಗೆ ಇರಲಿಲ್ಲ. ಸತ್ತು ಇನ್ನೂರೈವತ್ತು ವರ್ಷ ಆದವರನ್ನೂ ಅವರು ಬಿಟ್ಟವರಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಮೂರು ತಿಂಗಳು ತುಂಬುವ ಮೊದಲೇ ಇನ್ನೊಬ್ಬಳನ್ನು ಚರ್ಚಿಗೆ ಕರೆತಂದ ಅಮೆರಿಕದ ಯಾವನೋ ರೈತನನ್ನು ಮಂಡ್ಯದ ಆಫೀಸಿನಲ್ಲಿ ಕೂತು ಹಿಗ್ಗಾಮುಗ್ಗಾ ಬೈಯುತ್ತಿದ್ದರು. ಅವನ ಮರಿಮಕ್ಕಳ ಮರಿಮಕ್ಕಳು ನಮ್ಮ ತಾತನನ್ನು ಹುಡುಕಿಕೊಡಿ ಎಂದು ಆಸೆಯಿಂದ ಕೇಳಿದ್ದರೆ, ಇವರು "ಇಂಥೋನ್ನ ಉಡುಕ್ಕಂಡು ಏನ್ ಮಾಡ್ತಾರ್ಲಾ?" ಅನ್ನುತ್ತಿದ್ದರು. ಈಗ ಮಿಸ್ಸೂ ಆ ಕಾಲವಾದವರ ಗುಂಪಿಗೆ ಸೇರಿ ಒಂದು ಮಳೆಗಾಲ ಕಳೆದಿದೆ. ಅವರ ಬಗ್ಗೆ ನಾನೂ ಸ್ವಲ್ಪ ಕೆಟ್ಟ ಮಾತು ಆಡಬಹುದು ಅಂದುಕೊಂಡಿದ್ದೇನೆ. ಅವರೇನೂ ಬೇಸರ ಮಾಡಿಕೊಳ್ಳುವವರಲ್ಲ. ಹೊಗಳಿದರೆ ಮಾತ್ರ, ಇವನಿಗೆ ಏನೋ ಬೇಕಾಗಿದೆ ಎಂದು ಅನುಮಾನ ಪಡುತ್ತಿದ್ದರು.

ಮದ್ದೂರಿನ ಹೈಸ್ಕೂಲಿನಲ್ಲಿ ಅವರು ನನಗೆ ಇಂಗ್ಲಿಷ್ ಕಲಿಸಿದವರು. ಇಂಗ್ಲಿಷಿನ ಒಂದು ಅಕ್ಷರ ಅತ್ತಿತ್ತ ಆದರೆ ಕಿವಿ ಹಿಂಡುತ್ತಿದ್ದರು. ಕನ್ನಡಕ್ಕೆ ಬಂದರೆ ಮಾತ್ರ ಸೀದಾ ಹನಕೆರೆಯ ಗದ್ದೆಗೆ ಇಳಿದುಬಿಡುತ್ತಿದ್ದರು. ಹನಕೆರೆ ಅವರ ತವರು; ಮದ್ದೂರಿಗೂ ಮಂಡ್ಯಕ್ಕೂ ನಡುವೆ ಪ್ಯಾಸೆಂಜರ್ ರೈಲು ನಿಲ್ಲುವ ಊರು. ಅವರ ಯಜಮಾನರು ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಮದ್ದೂರಿನಲ್ಲಿ ಮನೆ ಮಾಡಿದ್ದರು. ಜೀವಮಾನವಿಡೀ ಯಂತ್ರಗಳ ಸದ್ದಿನ ನಡುವೆ ಇದ್ದವರಿಗೆ ಹೆಂಡತಿಯ ಮಾತು ಒಂದು ಸದ್ದೇ ಅಲ್ಲ. ಏನು ಹೇಳಿದರೂ "ಹೂಂ" ಅನ್ನುತ್ತಿದ್ದರು. ತಾವೂ ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ ಮಿಸ್ಸಿಗೆ ಆ ಹೂಂ ಕೇಳಿ ಕೇಳಿ ಸಾಕಾಯಿತು. ಮಂಡ್ಯದ ನಮ್ಮ ಆಫೀಸಿಗೆ ಬಂದು ಸೇರಿಕೊಂಡರು.

ಆಫೀಸು ಅಂದರೆ ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಯೂರಿಯಾ ವಾಸನೆಯಲ್ಲಿ ಕೂತು ನಾವು ಅಮೆರಿಕದವರ ಪೂರ್ವಿಕರನ್ನು ಹುಡುಕುತ್ತಿದ್ದೆವು. ಆ ದೇಶ ಇನ್ನೂ ಇಂಗ್ಲೆಂಡಿನ ರಾಜನ ಕೈಕೆಳಗಿದ್ದಾಗ ಹಡಗು ಹತ್ತಿ ಹೋಗಿ ಅಲ್ಲಿ ಬೇರೂರಿದವರು ಅವರು. ಅವರ ಮಕ್ಕಳಿಗೆ ದೀಕ್ಷಾಸ್ನಾನ ಆದದ್ದು, ಮದುವೆ ಆದದ್ದು, ಮಣ್ಣಾದದ್ದು ಎಲ್ಲವನ್ನೂ ಚರ್ಚಿನ ಪಾದ್ರಿಗಳು ಬರೆದಿಟ್ಟಿದ್ದಾರೆ. ಆ ಹಳೇ ಪುಟಗಳ ಫೋಟೋ ನಮ್ಮ ಕಂಪ್ಯೂಟರಿಗೆ ಬರುತ್ತಿತ್ತು. ಅದನ್ನು ಓದಿ, ಹೆಸರು ಟೈಪು ಮಾಡಿ, ಯಾರು ಯಾರ ಮಗ, ಯಾರಿಗೆ ಯಾರು ಹೆಂಡತಿ ಎಂದು ಜೋಡಿಸುವುದು ನಮ್ಮ ಕೆಲಸ. ಈಗಿನ ಮೊಮ್ಮಕ್ಕಳು ನಮ್ಮ ಮನೆತನ ಯಾವುದು ಎಂದು ಅಲ್ಲಿಂದ ಕೇಳುತ್ತಾರೆ, ಮಂಡ್ಯದವರು ನಾವು ಹೇಳುತ್ತೇವೆ. ನಮ್ಮ ಮ್ಯಾನೇಜರ್ ಇದನ್ನೆಲ್ಲ ವಿವರಿಸಿದಾಗ ಮಿಸ್ ಕೇಳಿದ್ದು ಒಂದೇ ಪ್ರಶ್ನೆ: ಅವರ ಊರಲ್ಲಿ ಜಗಲಿ ಮೇಲೆ ಕೂರುವ ಒಬ್ಬ ಮುದುಕಿಯೂ ಇಲ್ಲವೇ? ಹನಕೆರೆಯಲ್ಲಾದರೆ ದಾರಿಯಲ್ಲಿ ಹೋಗುವವನನ್ನು ನಿಲ್ಲಿಸಿ ಅವನ ತಾತನ ತಾತನ ತನಕ ಹೇಳಿಯೇ ಕಳಿಸುತ್ತಾರೆ. ಮ್ಯಾನೇಜರ್ ಮಳವಳ್ಳಿಯವರು. ಇದು ಸುಳ್ಳಲ್ಲ ಅಂತ ಅವರಿಗೂ ಗೊತ್ತಿತ್ತು.

ನನ್ನ ಗ್ರಹಚಾರಕ್ಕೆ ನಾನು ಆ ಆಫೀಸಿನಲ್ಲಿ ತಪ್ಪು ಹುಡುಕುವವನು. ಉಳಿದವರು ಟೈಪು ಮಾಡಿದ್ದನ್ನು ಮೂಲದ ಜೊತೆ ಹೋಲಿಸಿ, ತಪ್ಪಿದ್ದರೆ ಗುರುತು ಹಾಕಿ ವಾಪಸು ಕಳಿಸಬೇಕು. ಒಂದು ಕಾಲದಲ್ಲಿ ನನ್ನ ಕಿವಿ ಹಿಂಡಿದವರ ತಪ್ಪನ್ನು ನಾನು ಹಿಡಿಯಬೇಕು. ಮೊದಲನೇ ದಿನ ಧೈರ್ಯ ಮಾಡಿ, ಮಿಸ್, ಇಲ್ಲೊಂದು ತಪ್ಪಿದೆ ಅಂದೆ. ಕನ್ನಡಕದ ಮೇಲಿಂದ ನೋಡಿ "ಯಾರ್ದು?" ಅಂದರು. ನಾನು ತಿದ್ದಿ ಕಳಿಸಿದ ಟಿಪ್ಪಣಿಯ ಇಂಗ್ಲಿಷನ್ನು ಅವರು ತಿದ್ದಿ ನನಗೇ ವಾಪಸು ಕಳಿಸಿದರು. ಆಮೇಲೆ ನಾನು ಏನಾದರೂ ತಪ್ಪು ಕಂಡರೆ ಸದ್ದಿಲ್ಲದೆ ನಾನೇ ಸರಿ ಮಾಡಿಬಿಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಊಟದ ಡಬ್ಬಿ ಬಿಚ್ಚುವಾಗ ನನ್ನ ತಟ್ಟೆಗೆ ಒಂದು ತುಂಡು ಹೋಳಿಗೆ ಬಿದ್ದರೆ, ಆವತ್ತು ನಾನು ಏನೋ ಸರಿಮಾಡಿದ್ದೇನೆ ಅಂತ ಅರ್ಥ.

ಆ ಹಳೇ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಹೆಸರು ನೋಡಿ ನಾವೆಲ್ಲ ನಗುತ್ತಿದ್ದೆವು. ಪೇಷನ್ಸ್ ಅಂತ ಒಬ್ಬಳು, ಥ್ಯಾಂಕ್‌ಫುಲ್ ಅಂತ ಇನ್ನೊಬ್ಬಳು. ಸೈಲೆನ್ಸ್ ಅನ್ನುವ ಹುಡುಗಿಯೊಬ್ಬಳು ಸಿಕ್ಕಿದ ದಿನ ಮಿಸ್ ಬಹಳ ಹೊತ್ತು ಆ ಹೆಸರನ್ನೇ ನೋಡಿದರು. ಮೂವತ್ತು ವರ್ಷ ತರಗತಿಯಲ್ಲಿ ಕೂಗಿದೆನಲ್ಲ, ಈಗ ಬಂದಳು ನೋಡು, ಅಂದರು. ನಾವು ನಕ್ಕರೆ ಮಾತ್ರ ಅವರಿಗೆ ಸಿಟ್ಟು. ಹೆಣ್ಣು ಸಾಕು ಅಂತ ಸಾಕಮ್ಮ ಅಂತ ಹೆಸರಿಡುವ ಊರಿನವರು ನಾವು, ನಗುವುದಕ್ಕೆ ನಮಗೇನು ಹಕ್ಕಿದೆ ಅಂತ ಕೇಳಿದರು. ನಮ್ಮಲ್ಲೊಬ್ಬಳ ಅಜ್ಜಿ ಸಾಕಮ್ಮನೇ ಆಗಿದ್ದಳು.

ಇಷ್ಟೆಲ್ಲ ಸತ್ತವರ ಸಂಬಂಧ ಜೋಡಿಸುವ ಮಿಸ್ಸಿಗೆ ತಮ್ಮ ತವರಿನ ಸಂಬಂಧ ಮಾತ್ರ ಕಡಿದುಹೋಗಿತ್ತು. ನಾವಿಬ್ಬರೂ ಮದ್ದೂರಿನಿಂದ ಒಂದೇ ರೈಲಿಗೆ ಹೋಗಿಬರುತ್ತಿದ್ದೆವು. ಹನಕೆರೆ ಸ್ಟೇಷನ್ ಬಂತು ಅಂದರೆ ಮಿಸ್ ಎದ್ದು ಆಚೆ ಕಡೆಯ ಕಿಟಕಿಗೆ ಹೋಗಿ, ಪ್ಲಾಟ್‌ಫಾರಂಗೆ ಬೆನ್ನು ಹಾಕಿ ಕೂರುತ್ತಿದ್ದರು. ಆ ಕಡೆ ನೋಡುವುದಕ್ಕೆ ಒಂದು ಬೇಲಿ ಬಿಟ್ಟರೆ ಏನೂ ಇರಲಿಲ್ಲ. ಆ ಬೇಲಿಯನ್ನೇ ರೈಲು ಬಿಡುವ ತನಕ ನೋಡುತ್ತಿದ್ದರು.

ಆದದ್ದು ಇಷ್ಟೇ. ಅವರ ಅಣ್ಣ ಮಗನ ಮದುವೆಗೆ ಲಗ್ನಪತ್ರಿಕೆ ಮಾಡಿಸಿದ್ದರು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರು ಅಂತ ಕೆಳಗೆ ಒಂದು ಸಾಲು ಇರುತ್ತದಲ್ಲ, ಅದರಲ್ಲಿ ಅರ್ಧ ಊರೇ ಇತ್ತು. ಹಾಲಿನ ಡೈರಿಯ ಸೆಕ್ರೆಟರಿಯ ಹೆಸರೂ ಇತ್ತು. ಒಡಹುಟ್ಟಿದ ತಂಗಿಯ ಹೆಸರಿರಲಿಲ್ಲ. ಕೇಳಿದ್ದಕ್ಕೆ ಅಣ್ಣ, ನೀನು ಮನೆಯೋಳೇ ಅಲ್ವಾ, ನಿನ್ನ ಹೆಸರು ಹಾಕ್ಸೋದೇನು ಅಂದರಂತೆ. ಪಾಪ, ಅವರು ಪ್ರೀತಿಯಿಂದಲೇ ಅಂದದ್ದು. ಮಿಸ್ ಮಾತ್ರ ಮನೆಯೋಳಾದರೆ ಹೆಸರು ಇರಬಾರದಾ ಅಂತ ಕೇಳಿ ಬಂದವರು ಮದುವೆಗೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ವರ್ಷಗಳು ಕಳೆದವು. ಅಣ್ಣನಿಗೆ ಬಂದು ಕರೆಯುವುದಕ್ಕೆ ಬಿಗುಮಾನ, ತಂಗಿಗೆ ಕರೆಯದೆ ಹೋಗುವುದಕ್ಕೆ ಬಿಗುಮಾನ.

ಆದರೂ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲೇಬೇಕಲ್ಲ. ಹಬ್ಬದ ಹಿಂದಿನ ದಿನ ಸಂಜೆ ರೈಲು ಹನಕೆರೆಯಲ್ಲಿ ನಿಂತಾಗ, ಪಂಚೆ ಉಟ್ಟ ಎತ್ತರದ ಮುದುಕರೊಬ್ಬರು ಕಿಟಕಿಗಳಲ್ಲಿ ಇಣುಕುತ್ತ ಬಂದು ನನ್ನ ಕೈಗೆ ಒಂದು ಚೀಲ ಕೊಡುತ್ತಿದ್ದರು. ತಂಗಿ ನಾಲ್ಕಡಿ ದೂರದಲ್ಲಿ ಬೆನ್ನು ಹಾಕಿ ಕೂತಿರುತ್ತಿದ್ದರು. "ಇಡ್ಕಳಪ್ಪ," ಅನ್ನುತ್ತಿದ್ದರು ಅಣ್ಣ. "ಯಾರ್ಗೂ ಕೊಡ್ಬೇಕು ಅಂತೇನಿಲ್ಲ, ಅಂಗೇ ನಿನ್ ತಾವ ಇಟ್ಕಂಡಿರು." ರೈಲು ಬಿಟ್ಟ ಮೇಲೆ ಮಿಸ್ ಬಂದು, ಯಾರದೋ ಚೀಲ ಕಾಲಿಗೆ ಸಿಕ್ಕುತ್ತದೆ ಅಂತ ಗೊಣಗಿ, ಅದರೊಳಗೆ ಕೈ ಹಾಕಿ ಸೀರೆಯ ಬಣ್ಣ ನೋಡಿ, ಮದ್ದೂರಿನಲ್ಲಿ ತಾವೇ ಎತ್ತಿಕೊಂಡು ಇಳಿಯುತ್ತಿದ್ದರು. ಗೌರಿ-ಗಣೇಶ ಎರಡೂ ಮುಗಿದ ಮೇಲೆ ಅದೇ ಸೀರೆ ಉಟ್ಟು ಬಂದು, ಹನಕೆರೆಯಲ್ಲಿ ಮತ್ತೆ ಬೇಲಿ ನೋಡುತ್ತಿದ್ದರು. ಬೆನ್ನು ಪ್ಲಾಟ್‌ಫಾರಂ ಕಡೆಗಿದ್ದುದರಿಂದ ಸೀರೆಯ ಸೆರಗು ಆ ಕಡೆಗೆ ಚೆನ್ನಾಗಿ ಕಾಣುತ್ತಿತ್ತು.

ಕೆಲಸದಲ್ಲಿ ಮಿಸ್ಸಿನ ದಾರಿಯೇ ಬೇರೆ. ನಮಗೆಲ್ಲ ಕಲಿಸಿದ್ದು, ಬೇಕಾದ ಹೆಸರನ್ನು ಹುಡುಕಬೇಕು ಅಂತ. ಮಿಸ್ ಆ ಹೆಸರನ್ನು ಬಿಟ್ಟು ಅವನ ಸುತ್ತ ಇರುವವರನ್ನು ನೋಡುತ್ತಿದ್ದರು. ಹಡಗು ಹತ್ತಿದವರ ಪಟ್ಟಿ ಬಂದರೆ ಅವನ ಹಿಂದಿನ ಹೆಸರು ಯಾವುದು, ಮುಂದಿನದು ಯಾವುದು ಅಂತ ಕೇಳುತ್ತಿದ್ದರು. "ಯಾವನೂ ಒಬ್ನೇ ಊರು ಬುಡಲ್ಲ ಕಣ್ಲಾ. ಬಾಮೈದನ್ನ ಕರ್ಕಂಡೇ ಓಯ್ತಾನೆ." ನೋಡಿದರೆ ಎಷ್ಟೋ ಸಲ ಪಕ್ಕದ ಹೆಸರಿನವನು ಬಾಮೈದನೇ ಆಗಿರುತ್ತಿದ್ದ. ಮದ್ದೂರಿನ ಹತ್ತಿರದ ನಿಡಘಟ್ಟದಲ್ಲಿ ಬಸ್ಸು ಹತ್ತುವವರನ್ನು ನೋಡಿದರೆ ಇದು ಯಾರಿಗಾದರೂ ಗೊತ್ತಾಗುತ್ತದೆ ಅನ್ನುವುದು ಅವರ ವಾದ.

ಇದೇ ದಾರಿಯಲ್ಲಿ ಒಂದು ಸಲ ಹಳ್ಳಕ್ಕೂ ಬಿದ್ದರು. ಒಬ್ಬ ಹುಡುಗಿಯ ಮದುವೆಯ ದಾಖಲೆ ಬಂತು. ವರನ ಮನೆತನದ ಹೆಸರೂ ಹುಡುಗಿಯ ತಾಯಿಯ ತವರಿನ ಹೆಸರೂ ಒಂದೇ. ಮಿಸ್ ಒಂದು ನಿಮಿಷವೂ ಯೋಚಿಸದೆ, ಹುಡುಗಿ ಸೋದರಮಾವನನ್ನು ಮದುವೆಯಾಗಿದ್ದಾಳೆ ಅಂತ ಬರೆದು ಕಳಿಸಿದರು. ಆವತ್ತು ನಾನು ರಜೆಯಲ್ಲಿದ್ದೆ. ಅಮೆರಿಕದ ಆ ಕುಟುಂಬದಲ್ಲಿ ದೊಡ್ಡ ಗಲಾಟೆಯೇ ಆಯಿತಂತೆ. ನಮ್ಮ ಪೂರ್ವಿಕರ ಮಾನ ತೆಗೆದಿದ್ದೀರಿ ಅಂತ ಬಹಳ ಉದ್ದದ ಪತ್ರ ಬಂತು. ವರ ಅದೇ ಮನೆತನದ ದೂರದ ಕವಲಿನವನು ಅಂತ ಆಮೇಲೆ ಗೊತ್ತಾಯಿತು. ಮ್ಯಾನೇಜರ್ ಪತ್ರ ಓದಿ ಹೇಳಿದಾಗ ಮಿಸ್ಸಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಸ್ವಾದ್ರಮಾವನ್ನ ಆದ್ರೆ ಏನ್ ತಪ್ಪು? ಮಗಳು ಅಜ್ಜಿ ಮನೇಲೇ ಉಳ್ಕತಾಳೆ," ಅಂದರು. ಮ್ಯಾನೇಜರ್ ಬೆವರು ಒರೆಸಿಕೊಂಡರು. ಅವರ ಹೆಂಡತಿ ಅವರ ಸ್ವಂತ ಅಕ್ಕನ ಮಗಳು. ಇನ್ನು ಮೇಲೆ ಮಂಡ್ಯದ ಪದ್ಧತಿಯನ್ನು ಅಮೆರಿಕಕ್ಕೆ ಹಚ್ಚಬಾರದು, ಇನ್ನೊಂದು ಸಲ ಹೀಗಾದರೆ ಹುಡುಕುವ ಕೆಲಸ ಬಿಡಿಸಿ ಬರೀ ಟೈಪಿಂಗಿಗೆ ಹಾಕುತ್ತೇನೆ ಅಂತ ಮಾತ್ರ ಹೇಳಿದರು.

ಮಾರ್ಗರೆಟ್ ಬಂದದ್ದು ಅದಾದ ಮೇಲೆ. ಅಮೆರಿಕದ ಒಬ್ಬ ಅಜ್ಜಿಗೆ ತನ್ನ ಮೂಲದ ಹೆಣ್ಣನ್ನು ಹುಡುಕಿಸಬೇಕಾಗಿತ್ತು. ಜರ್ಮನಿಯಿಂದ ಹಡಗಿನಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದ ಯೋಹಾನ್ ಅನ್ನುವವನ ಹೆಂಡತಿ ಅವಳು. ಯೋಹಾನ್ ಸಿಕ್ಕಿದ. ಹಡಗಿನ ಪಟ್ಟಿಯಲ್ಲಿದ್ದ, ಚರ್ಚಿನಲ್ಲಿದ್ದ, ಸಾಯುವಾಗ ಬರೆಸಿದ ಉಯಿಲಿನಲ್ಲಿದ್ದ. ಹಡಗಿನ ಪಟ್ಟಿಯಲ್ಲಿ ಹೆಂಗಸರ ಹೆಸರನ್ನೇ ಬರೆಯುತ್ತಿರಲಿಲ್ಲ. ಚರ್ಚಿನ ಪುಸ್ತಕದಲ್ಲಿ ನಾಲ್ಕು ಮಕ್ಕಳ ದೀಕ್ಷಾಸ್ನಾನದಲ್ಲೂ 'ಯೋಹಾನನ ಹೆಂಡತಿ ಮಾರ್ಗರೆಟ್' ಅಂತ ಅಷ್ಟೇ ಇತ್ತು. ಯಾರ ಮಗಳು, ಯಾವ ಮನೆಯವಳು, ಏನೂ ಇಲ್ಲ. ಹೀಗಿದ್ದರೆ ಆ ಜಾಗದಲ್ಲಿ 'ಗೊತ್ತಿಲ್ಲ' ಅಂತ ಟೈಪು ಮಾಡಿ ಮುಂದಕ್ಕೆ ಹೋಗಬೇಕು ಅನ್ನುವುದು ನಿಯಮ.

ಮಿಸ್ ಟೈಪು ಮಾಡಲಿಲ್ಲ. ತವರಿಲ್ಲದ ಹೆಂಗಸು ಎಲ್ಲಾದರೂ ಇರುತ್ತಾಳಾ, ಅವಳೇನು ಹಡಗಿನ ಹಲಗೆಯಿಂದ ಹುಟ್ಟಿದಳಾ, ಅಂತ ಜಗಳಕ್ಕೆ ನಿಂತರು. ಮ್ಯಾನೇಜರ್ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಸಿಗದಿದ್ದರೆ ಸಿಗಲಿಲ್ಲ ಅಂತ ಆ ಅಜ್ಜಿಗೆ ಬರೆದು ಮುಗಿಸುವುದು. ಅಷ್ಟು ದಿನ ಮಿಸ್ ಬಾಯಲ್ಲಿ ಬೇರೆ ಮಾತಿಲ್ಲ. ರೈಲಿನಲ್ಲೂ ಮಾರ್ಗರೆಟ್, ಊಟದಲ್ಲೂ ಮಾರ್ಗರೆಟ್. ಮನೆಯಲ್ಲೂ ಅದೇ ಇದ್ದಿರಬೇಕು. ಒಂದು ದಿನ ಅವರ ಯಜಮಾನರು ಮದ್ದೂರಿನ ಸಂತೆಯಲ್ಲಿ ಸಿಕ್ಕವರು ನನ್ನನ್ನು ಪಕ್ಕಕ್ಕೆ ಕರೆದು, ಆ ಯಮ್ಮ ಸಿಕ್ಕಿದಳಾ ಅಂತ ಕೇಳಿದರು.

ಒಂದು ಮಧ್ಯಾಹ್ನ ಮಿಸ್ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಯೋಹಾನನ ಉಯಿಲಿನಲ್ಲಿ ಐದು ಮಕ್ಕಳಿದ್ದಾರೆ, ಚರ್ಚಿನಲ್ಲಿ ನಾಲ್ಕೇ ಇದ್ದಾರೆ, ಹಿರಿಮಗ ಎಲ್ಲಿ ಅಂತ ಕೇಳಿದರು. ಪುಸ್ತಕದ ಯಾವುದೋ ಹಾಳೆ ಹರಿದಿರಬೇಕು ಅಂದೆ.

"ಆಳೆ ಅರೀಲಿಲ್ಲ ಕಣ್ಲಾ. ಅದು ಚೊಚ್ಚಲು. ಚೊಚ್ಚಲು ಮಗ ಅಪ್ಪನ್ ಊರ್ನಾಗೆ ಯಾಕ್ ಉಟ್ತಾನೆ? ಅವಳು ಬಾಣಂತನಕ್ಕೆ ತವರ್ಗೆ ಓಗವ್ಳೆ."

ನನಗೆ ನಗು ಬಂತು, ಭಯವೂ ಆಯಿತು. ಮೊದಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ನಮ್ಮ ಪದ್ಧತಿ. ಏಳನೇ ತಿಂಗಳಲ್ಲಿ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುತ್ತಾನೆ. ಅಮೆರಿಕದ ಕಾಡಿನಲ್ಲಿ ಮರ ಕಡಿದು ಹೊಲ ಮಾಡುತ್ತಿದ್ದವರಿಗೆ ಇದೆಲ್ಲ ಎಲ್ಲಿಂದ ಬರಬೇಕು? ಮ್ಯಾನೇಜರ್ ಹೇಳಿದ್ದನ್ನು ನೆನಪಿಸಿದೆ. ಟೈಪಿಂಗಿಗೆ ಹಾಕುತ್ತಾರೆ ಮಿಸ್, ಅಂದೆ. ಹಾಕಲಿ, ಟೈಪಿಂಗ್ ಬರುತ್ತದೆ ನನಗೆ, ಅಂದು ಹೋಗಿ ಕೂತರು. ತವರಿನವರೂ ಹಡಗು ಹತ್ತಿ ಬಂದು ಅಲ್ಲೇ ಎಲ್ಲೋ ಇದ್ದಿರಬೇಕು ಅಂತ, ಯೋಹಾನನ ಊರನ್ನು ಬಿಟ್ಟು, ಸುತ್ತಮುತ್ತಲ ಕಣಿವೆಗಳಲ್ಲಿ ಇದ್ದ ಬೇರೆ ಬೇರೆ ಚರ್ಚುಗಳ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಆ ಹಿರಿಮಗ ಹುಟ್ಟಿರಬಹುದಾದ ವರ್ಷದ ಪುಟಗಳನ್ನು ಓದತೊಡಗಿದರು. ಊಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ಮುದ್ದೆ, ಇನ್ನೊಂದು ಕೈಯಲ್ಲಿ ಮೌಸು.

ತಿಂಗಳು ಮುಗಿಯುವುದಕ್ಕೆ ಸ್ವಲ್ಪ ದಿನ ಇತ್ತು. ಕೆಳಗೆ ಅಂಗಡಿಗೆ ಲಾರಿ ಬಂದು ಮೂಟೆ ಇಳಿಸುತ್ತಿದ್ದರು, ಆಫೀಸಿನವರೆಲ್ಲ ಸೀನುತ್ತಿದ್ದೆವು. ಮಿಸ್ ಮಾತ್ರ ಸೀನದೆ ಕೂತಿದ್ದರು. ಬಾರೋ ಇಲ್ಲಿ ಅಂತ ಮೆಲ್ಲಗೆ ಕರೆದರು. ಹೋಗಿ ನೋಡಿದೆ. ಯೋಹಾನನ ಊರಿಗೆ ಬಹಳ ದೂರದ ಒಂದು ಚರ್ಚು. ಮಗುವಿನ ಹೆಸರು ಉಯಿಲಿನಲ್ಲಿದ್ದ ಹಿರಿಮಗನದೇ. ತಂದೆ ಯೋಹಾನ್, ತಾಯಿ ಮಾರ್ಗರೆಟ್. ಮಗುವನ್ನು ಎತ್ತಿ ಹಿಡಿದು ಸಾಕ್ಷಿ ನಿಂತವನ ಪೂರ್ತಿ ಹೆಸರು ಬರೆದು, ಅದರ ಮುಂದೆ ಆ ಪುಣ್ಯಾತ್ಮ ಪಾದ್ರಿ 'ತಾಯಿಯ ಸಹೋದರ' ಅಂತ ಸೇರಿಸಿದ್ದ. ಸೋದರಮಾವ ಸಿಕ್ಕಿದ, ಅವನ ಮನೆತನದ ಹೆಸರು ಸಿಕ್ಕಿತು. ಮಾರ್ಗರೆಟ್ಟಿಗೆ ತವರು ಸಿಕ್ಕಿತು.

ತಪ್ಪು ಹುಡುಕುವುದು ನನ್ನ ಕೆಲಸವಲ್ಲವೇ, ಹುಡುಕಿದೆ. ಆ ವರ್ಷ ಯೋಹಾನನ ಊರಿನ ಚರ್ಚಿಗೆ ಪಾದ್ರಿಯೇ ಇರಲಿಲ್ಲ; ಹಿಂದಿನವನು ಸತ್ತು ಹೊಸಬ ಬಂದಿರಲಿಲ್ಲ. ಪಾದ್ರಿ ಇಲ್ಲದ್ದಕ್ಕೆ ಮಗುವನ್ನು ಬೇರೆ ಚರ್ಚಿಗೆ ಎತ್ತಿಕೊಂಡು ಹೋಗಿದ್ದಾರೆ, ಬಾಣಂತನವೂ ಇಲ್ಲ, ಏನೂ ಇಲ್ಲ ಮಿಸ್, ಅಂದೆ. ಮಿಸ್ ಭೂಪಟ ತೆಗೆದು ತೋರಿಸಿದರು. ನಡುವೆ ಇನ್ನೂ ಎರಡು ಚರ್ಚುಗಳಿದ್ದವು. "ಅತ್ರದವನ್ನೆಲ್ಲ ಬುಟ್ಟು ಅಷ್ಟು ದೂರ ಯಾಕ್ಲಾ ಓದ್ಲು?" ನಾನು ಭೂಪಟವನ್ನು ಇನ್ನೊಂದು ಸಲ ನೋಡಿದೆ. ಉಳಿದದ್ದೆಲ್ಲ ಹೊಂದುತ್ತಿತ್ತು, ಸರಿಯಿದೆ ಅಂತ ಗುರುತು ಹಾಕಿದೆ. ಮ್ಯಾನೇಜರ್ ಬಂದು ಓದಿ, ಬಾಣಂತನದ ವಿಷಯ ಮಾತ್ರ ಅಜ್ಜಿಗೆ ಬರೆಯುವುದು ಬೇಡ ಅಂದು, ಕೆಳಗಿನಿಂದ ಎಲ್ಲರಿಗೂ ಕಾಫಿ ತರಿಸಿದರು.

ಮಿಸ್ ಕಾಫಿ ಕುಡಿಯಲಿಲ್ಲ. ಪರದೆಯ ಮೇಲಿನ ಆ ಸಾಲನ್ನೇ ನೋಡುತ್ತ, ಅಣ್ಣನೋ ತಮ್ಮನೋ ಬರೆದಿಲ್ಲವಲ್ಲ, ಅಂದರು. ಆಮೇಲೆ ತಾವಾಗಿಯೇ ಹೇಳಿದರು. ಅವರ ಚೊಚ್ಚಲಿಗೆ ಶಿವನಸಮುದ್ರದಿಂದ ಕರೆದುಕೊಂಡು ಹೋಗಲು ಅಣ್ಣನೇ ಬಂದಿದ್ದರಂತೆ. ಮಳವಳ್ಳಿಯ ದಾರಿಯಲ್ಲಿ ಬಸ್ಸು ಕುಲುಕುತ್ತದೆ ಅಂತ ಡ್ರೈವರ್ ಪಕ್ಕದಲ್ಲೇ ನಿಂತು, ಗುಂಡಿ ಬಂದಾಗಲೆಲ್ಲ ನಿಧಾನ ನಿಧಾನ ಅಂತ ಹೇಳಿ ಹೇಳಿ, ಕೊನೆಗೆ ಡ್ರೈವರ್ ಬಸ್ಸು ನಿಲ್ಲಿಸಿ ಎದ್ದುನಿಂತು, ನೀವೇ ಓಡಿಸಿ ಗೌಡ್ರೇ ಅಂದನಂತೆ. ದಾರಿಗೆ ಅಂತ ತಂದಿದ್ದ ಚಕ್ಕುಲಿಯನ್ನೆಲ್ಲ ಆ ಗಾಬರಿಯಲ್ಲಿ ಅಣ್ಣನೇ ತಿಂದು ಮುಗಿಸಿದ್ದರಂತೆ. ಹೇಳುತ್ತ ಮಿಸ್ ನಕ್ಕರು, ನಗುತ್ತಿದ್ದಾಗಲೇ ಕಣ್ಣು ಒದ್ದೆಯಾಯಿತು. ಯೂರಿಯಾ ಧೂಳು ಅಂದರು. ನನ್ನ ಕಣ್ಣಿಗೂ ಅದೇ ಧೂಳು ಹೋಗಿತ್ತು.

ಆವತ್ತು ಸಂಜೆ ರೈಲು ಹನಕೆರೆಗೆ ಬಂದಾಗ ಮಿಸ್ ಎದ್ದರು. ಆಚೆ ಕಿಟಕಿಗೆ ಅಂದುಕೊಂಡು ನಾನು ಕಾಲು ಮಡಚಿ ದಾರಿ ಬಿಟ್ಟೆ. ಅವರು ಬಾಗಿಲ ಕಡೆಗೆ ಹೋದರು. ಮೆಟ್ಟಿಲಲ್ಲಿ ನಿಂತು ತಿರುಗಿ, "ನಮ್ಮೆಜಮಾನ್ರಿಗೆ ಒಂದು ಪೋನ್ ಮಾಡಿ ಯೋಳ್ಬುಡು. ನಾನು ನಮ್ಮೂರಲ್ಲಿ ಇಳ್ದೆ," ಅಂದು ಇಳಿದೇಬಿಟ್ಟರು. ಪ್ಲಾಟ್‌ಫಾರಂ ಮೇಲೆ ಯಾರೂ ಕಾಯುತ್ತಿರಲಿಲ್ಲ. ಯಾರೂ ಕರೆದಿರಲಿಲ್ಲ. ಹೆಗಲಿಗೆ ಊಟದ ಚೀಲ ಏರಿಸಿಕೊಂಡು, ತರಗತಿಗೆ ಹೋಗುವಾಗ ಹೋಗುತ್ತಿದ್ದ ಹಾಗೇ ಬಿರಬಿರನೆ ಹೋದರು. ನಾನು ಯಜಮಾನರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ "ಹೂಂ" ಅಂದರು. ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತಿಗೆ, ಒಳ್ಳೇದಾಯ್ತು ಅಂದರು. ಅವರ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಭಾಷಣ ಅದೇ.

ಅಣ್ಣನ ಮನೆಯಲ್ಲಿ ಏನಾಯಿತು ಅಂತ ಮಿಸ್ ಹೇಳಲಿಲ್ಲ. ಮಾರನೇ ದಿನ ಬಂದಾಗ ಚೀಲದ ತುಂಬ ಚಕ್ಕುಲಿ ಇತ್ತು. ಅಣ್ಣನ ಬಾಕಿ ಅಂತ ಹೇಳಿ ಎಲ್ಲರಿಗೂ ಹಂಚಿದರು. ಸ್ವಲ್ಪ ದಿನಕ್ಕೆ ಅಮೆರಿಕದ ಅಜ್ಜಿಯಿಂದ ಬಹಳ ಚಂದದ ಕಾಗದ ಬಂತು. ಮಿಸ್ ಅದರ ಇಂಗ್ಲಿಷನ್ನು ಮೆಚ್ಚಿಕೊಂಡರು. ನನಗೂ ಓದಲು ಕೊಟ್ಟು, ಪೂರ್ಣವಿರಾಮ ಎಲ್ಲಿಡಬೇಕು ಅಂತ ನೋಡಿ ಕಲಿ ಅಂದರು.

ಈಗ ಅವರ ಕುರ್ಚಿಯಲ್ಲಿ ಬೇರೆ ಹುಡುಗಿ ಕೂರುತ್ತಾಳೆ. ತಪ್ಪು ಮಾಡುವುದೇ ಇಲ್ಲ. 'ಗೊತ್ತಿಲ್ಲ' ಅಂತ ಇರಬೇಕಾದ ಕಡೆ 'ಗೊತ್ತಿಲ್ಲ' ಅಂತಲೇ ಹಾಕುತ್ತಾಳೆ. ನನಗೆ ಕೆಲಸ ಕಡಿಮೆಯಾಗಿದೆ, ಬೇಜಾರು ಜಾಸ್ತಿಯಾಗಿದೆ. ರೈಲು ಹನಕೆರೆಯಲ್ಲಿ ನಿಂತರೆ ನಾನೇ ಎದ್ದು ಆಚೆ ಕಿಟಕಿಗೆ ಹೋಗಿ ಬೇಲಿ ನೋಡಿ ಬರುತ್ತೇನೆ.

ಅವರು ಕೆಲಸದಲ್ಲಿದ್ದ ಕೊನೆಯ ವರ್ಷ ಅಣ್ಣನ ಮಗಳ ಮದುವೆ ಬಂತು. ಒಂದು ಬೆಳಿಗ್ಗೆ ಮಿಸ್ ಲಗ್ನಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟು, ಚೆಕ್ ಮಾಡು ಅಂದರು. ಓದಿದೆ. ಸುಖಾಗಮನ ಬಯಸುವವರಲ್ಲಿ ಎಲ್ಲರಿಗಿಂತ ಮೊದಲು ಮಿಸ್ಸಿನ ಹೆಸರಿತ್ತು. ಡೈರಿ ಸೆಕ್ರೆಟರಿ ಕೆಳಗೆಲ್ಲೋ ಹೋಗಿದ್ದ. ಕೊನೆಯ ತನಕ ಓದಿಕೊಂಡು ಹೋದರೆ, ಸೋದರತ್ತೆಯರು ಅನ್ನುವ ಸಾಲಿನಲ್ಲಿ ಮತ್ತೆ ಮಿಸ್ಸಿನ ಹೆಸರಿತ್ತು. ಒಂದು ಕಡೆ ಬಿಟ್ಟುಹೋದರೂ ಇನ್ನೊಂದು ಕಡೆ ಇರಲಿ ಅಂತ ಅಣ್ಣ ಪ್ರೆಸ್ಸಿನವನಿಗೆ ಹೇಳಿ ಎರಡು ಕಡೆ ಹಾಕಿಸಿದ್ದರಂತೆ.

ನಮ್ಮ ಆಫೀಸಿನಲ್ಲಿ ಒಬ್ಬರ ಹೆಸರು ಎರಡು ಸಲ ಬಂದರೆ ಅದು ತಪ್ಪು. ಒಂದನ್ನು ಹೊಡೆದು ಹಾಕಬೇಕು. ನಾನು ಕೆಂಪು ಪೆನ್ನು ತೆಗೆದು, ಇದರಲ್ಲಿ ಯಾವುದನ್ನು ಹೊಡೆಯಲಿ ಮಿಸ್, ಅಂತ ಕೇಳಿದೆ.

ಮಿಸ್ ಪತ್ರಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು.

"ಯಾವ್ದೂ ಒಡೀಬ್ಯಾಡ," ಅಂದರು. "ಎರಡೂ ನಾನೇ ಕಣ್ಲಾ."